ದೊಡ್ಡ ಯೂನಿವರ್ಸಿಟಿಗೆ ಹೋಗಿ ಸಣ್ಣ ಕಾಲೇಜಿಗೆ ವಾಪಸ್ ಬಂದ ಮೇಷ್ಟ್ರು

ಹೋದ ಏಪ್ರಿಲ್‌ನಲ್ಲಿ ಗಾಜನೂರಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಗಲಾಟೆ ಆಯ್ತು. ನನ್ನ ಚಿಕ್ಕಮ್ಮನ ಮಗಳು ನನಗಿಂತ ಒಂದು ವರ್ಷ ಚಿಕ್ಕವಳು. ಅವಳಿಗೆ ಅಮೆರಿಕದಲ್ಲಿ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ನಮ್ಮೆಲ್ಲರಿಗೂ ಹೆಸರು ಗೊತ್ತಿರುವ ದೊಡ್ಡ ಯೂನಿವರ್ಸಿಟಿ. ಇನ್ನೊಂದು, ಮನೆಯಲ್ಲಿ ಯಾರೂ ಕೇಳಿರದ ಒಂದು ಪುಟ್ಟ ಕಾಲೇಜು. ಅಲ್ಲಿ ಒಟ್ಟು ಇರೋದೇ ಎರಡು ಸಾವಿರ ಚಿಲ್ಲರೆ ವಿದ್ಯಾರ್ಥಿಗಳು. ಅವಳು ಆರಿಸಿದ್ದು ಪುಟ್ಟ ಕಾಲೇಜನ್ನು.

ಅಲ್ಲಿಂದ ಶುರುವಾಯ್ತು ನೋಡಿ. ಅದು ಯೂನಿವರ್ಸಿಟಿ ಅಲ್ಲ, ಕಾಲೇಜು ಅಂತ ಅವಳು ಹೇಳಿದ್ದಕ್ಕೆ ನಮ್ಮ ಅಜ್ಜಿ, ಪಿಯುಸಿ ಮುಗಿಸಿದವಳು ಮತ್ತೆ ಕಾಲೇಜಿಗೆ ಯಾಕೆ ಹೋಗ್ತಾಳೆ ಅಂತ ಕೇಳಿದರು. ಅದು ಲಿಬರಲ್ ಆರ್ಟ್ಸ್ ಕಾಲೇಜು ಅಂದಾಗ ಭದ್ರಾವತಿಯ ದೊಡ್ಡಪ್ಪ, ಚಿತ್ರ ಬಿಡಿಸೋಕೆ ಅಷ್ಟು ದೂರ ಹೋಗಬೇಕಾ ಅಂದರು. ಅಲ್ಲಿ ಫಿಸಿಕ್ಸ್ ಓದಬಹುದು, ಅದರ ಜೊತೆಗೇ ಸಂಗೀತ, ಇತಿಹಾಸ, ತತ್ತ್ವಶಾಸ್ತ್ರ ಎಲ್ಲಾ ಓದಬಹುದು ಅಂತ ಅವಳು ವಿವರಿಸಿದಳು. ಯಾರಿಗೂ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕು ಅಂದ್ರೆ ನನಗೂ ಆಗಲಿಲ್ಲ. ನಾನು ಮನಸ್ಸಿನಲ್ಲೇ ರ‍್ಯಾಂಕಿಂಗ್ ಲೆಕ್ಕ ಹಾಕ್ತಾ ಇದ್ದೆ.

ಆಗ ಬಾಯಿ ಬಿಟ್ಟಿದ್ದು ನಮ್ಮ ಚಿಕ್ಕಜ್ಜ. ಅವರು ಅರವತ್ತರ ದಶಕದಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಓದಿದವರು. ಸಣ್ಣ ಕಾಲೇಜು ಅಂದ್ರೆ ಏನು ಅಂತ ಗೊತ್ತಾಗಬೇಕಾದ್ರೆ ಎಚ್ಚೆನ್ ಮೇಷ್ಟ್ರ ಬಗ್ಗೆ ಓದಿ ಅಂತ ಅಷ್ಟೇ ಹೇಳಿ ಕಾಫಿ ಲೋಟ ಎತ್ತಿಕೊಂಡು ಹೊರಗೆ ಹೋದರು. ನನಗೆ ಎಚ್ಚೆನ್ ಯಾರು ಅಂತಲೇ ಗೊತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡ ಪುಸ್ತಕ ಓದೋದು ಇವತ್ತಿಗೂ ಸ್ವಲ್ಪ ನಿಧಾನ. ಆದರೂ ಬೇಸಿಗೆ ರಜೆಯಲ್ಲಿ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂತು ಓದಿದೆ. ಅದರಿಂದ ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೀತಾ ಇದ್ದೀನಿ. ಕಾಗುಣಿತ ತಪ್ಪಿದ್ದರೆ ಸಂಪಾದಕರು ತಿದ್ದಿರುತ್ತಾರೆ ಅಂತ ನಂಬಿಕೆ.

ಎಚ್ಚೆನ್ ಅಂದರೆ ಡಾ. ಎಚ್. ನರಸಿಂಹಯ್ಯ. ಭೌತಶಾಸ್ತ್ರದ ಮೇಷ್ಟ್ರು, ಸ್ವಾತಂತ್ರ್ಯ ಹೋರಾಟಗಾರರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. 2005ರ ಜನವರಿ 31ರಂದು ತೀರಿಕೊಂಡರು. ನಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟೇ ಇರಲಿಲ್ಲ.

ಹೊಸೂರಿನ ಹುಡುಗ

ಅವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರು ಅನ್ನೋ ಹಳ್ಳಿಯಲ್ಲಿ. ಈಗ ಅದು ಚಿಕ್ಕಬಳ್ಳಾಪುರ ಜಿಲ್ಲೆ, ಆಗ ಕೋಲಾರ ಜಿಲ್ಲೆ. ಆಂಧ್ರದ ಗಡಿಗೆ ಹತ್ತಿರದ, ಮಳೆ ಕಮ್ಮಿ ಇರೋ ಸೀಮೆ. ತುಂಗಾ ಡ್ಯಾಮಿನ ಪಕ್ಕದಲ್ಲಿ ಬೆಳೆದ ನನ್ನಂಥವರಿಗೆ ಆ ಬರ ಹೇಗಿರುತ್ತೆ ಅಂತ ಊಹೆ ಮಾಡೋದೂ ಕಷ್ಟ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ ವರ್ಗದ ಬಡ ಕುಟುಂಬ. ಓದು ಅನ್ನೋದು ಆ ಮನೆಯಲ್ಲಿ ಸುಲಭಕ್ಕೆ ಸಿಗುವ ವಸ್ತು ಆಗಿರಲಿಲ್ಲ.

ಹೊಸೂರಿನ ಹುಡುಗನಿಗೆ ಬೆಂಗಳೂರಿಗೆ ಹೋಗಿ ಹೈಸ್ಕೂಲ್ ಓದುವ ಆಸೆ. ಹೋಗೋಕೆ ಕೈಯಲ್ಲಿ ದುಡ್ಡಿಲ್ಲ. 1935ರಲ್ಲಿ ಅವರು ಮಾಡಿದ್ದು ಏನು ಗೊತ್ತಾ? ನಡೆದೇ ಹೊರಟರು. ಊರಿನಿಂದ ಬೆಂಗಳೂರಿಗೆ ಸುಮಾರು 80 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಶಿವಮೊಗ್ಗದಿಂದ ಹೊರಟು ಭದ್ರಾವತಿ, ತರೀಕೆರೆ, ಬೀರೂರು ಎಲ್ಲಾ ದಾಟಿ ಹೆಚ್ಚುಕಡಿಮೆ ಕಡೂರಿನ ತನಕ. ಹದಿನೈದು ವರ್ಷದ ಹುಡುಗ ಆ ದೂರವನ್ನು ಕಾಲ್ನಡಿಗೆಯಲ್ಲಿ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿಕೊಂಡರು.

ಈ ನ್ಯಾಷನಲ್ ಹೈಸ್ಕೂಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ನಡೆಸುತ್ತಿದ್ದದ್ದು 1917ರಲ್ಲಿ ಶುರುವಾದ ನ್ಯಾಷನಲ್ ಎಜುಕೇಷನ್ ಸೊಸೈಟಿ. ಅದು ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಚಳವಳಿ ಜೋರಾಗಿದ್ದ ಕಾಲ. ಇಂಗ್ಲಿಷರಿಗೆ ಗುಮಾಸ್ತರನ್ನು ತಯಾರು ಮಾಡುವ ಶಿಕ್ಷಣ ಬೇಡ, ನಮ್ಮ ದೇಶಕ್ಕೆ ಬೇಕಾದ ಮನುಷ್ಯರನ್ನು ಬೆಳೆಸುವ ಶಿಕ್ಷಣ ಬೇಕು ಅನ್ನೋದು ಆ ಚಳವಳಿಯ ಆಸೆ. ಆ ಶಾಲೆಗೆ ಕೆ. ಸಂಪದ್ಗಿರಿ ರಾವ್ ಅನ್ನುವ ಹೆಡ್‌ಮಾಸ್ಟರ್ ಇದ್ದರು. ಎಚ್ಚೆನ್ ಬದುಕಿನಲ್ಲಿ ಗುರು ಅಂತ ಒಬ್ಬರ ಹೆಸರು ಹೇಳಬೇಕಾದರೆ ಅದು ಅವರದ್ದೇ.

1936ರಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದಾಗ ನ್ಯಾಷನಲ್ ಹೈಸ್ಕೂಲಿಗೂ ಬಂದರು. ಅವರು ಹಿಂದಿಯಲ್ಲಿ ಮಾತಾಡಿದ್ದನ್ನು ಕನ್ನಡಕ್ಕೆ ಅನುವಾದ ಮಾಡುವ ಕೆಲಸ ಸಿಕ್ಕಿದ್ದು ಹೊಸೂರಿನಿಂದ ನಡೆದುಕೊಂಡು ಬಂದಿದ್ದ ಈ ಹುಡುಗನಿಗೆ. ಸೆಮಿನಾರಿನಲ್ಲಿ ಮೂವತ್ತು ಜನರ ಮುಂದೆ ನಿಂತು ಸ್ಲೈಡ್ ಓದೋಕೆ ನನಗೆ ಕೈ ನಡುಗುತ್ತೆ. ಅವರಿಗೆ ಏನಾಗಿರಬೇಡ! ಅಲ್ಲಿಂದ ಮುಂದೆ ಗಾಂಧಿ ಅವರನ್ನು ಬಿಡಲಿಲ್ಲ. ಖಾದಿ ಪಂಚೆ, ಖಾದಿ ಜುಬ್ಬ, ತಲೆ ಮೇಲೆ ಬಿಳಿ ಟೋಪಿ. ಕುಲಪತಿಯಾದಾಗಲೂ ವೇಷ ಅದೇ.

ಜೈಲು, ಡಿಗ್ರಿ, ಕೆಲಸ

ಹೈಸ್ಕೂಲ್ ಮುಗಿಸಿ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ತಗೊಂಡರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಆನರ್ಸ್ ಓದುತ್ತಿದ್ದರು. ಓದು ಬಿಟ್ಟು ಚಳವಳಿಗೆ ಇಳಿದರು, ತಿಂಗಳುಗಟ್ಟಲೆ ಜೈಲಿನಲ್ಲಿ ಇದ್ದರು. ಬಡ ಮನೆಯ ಹುಡುಗ, 80 ಕಿಲೋಮೀಟರ್ ನಡೆದು ಸಂಪಾದಿಸಿದ ಓದು. ಅದನ್ನು ಅರ್ಧಕ್ಕೆ ಬಿಡೋದು ಅಂದ್ರೆ ಸುಮ್ಮನೆ ಮಾತಲ್ಲ. ನಾವು ಒಂದು ಸಬ್ಜೆಕ್ಟ್ ಬ್ಯಾಕ್ ಆದರೆ ಪ್ರಪಂಚವೇ ಮುಗೀತು ಅಂತ ಕೂರ್ತೀವಿ.

ಬಿಡುಗಡೆಯಾದ ಮೇಲೆ ಮತ್ತೆ ಓದಿಗೆ ವಾಪಸ್ ಬಂದರು. 1946ರಲ್ಲಿ ಎಂಎಸ್ಸಿ ಮುಗಿಯಿತು. ಆ ಕಾಲದಲ್ಲಿ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರು ಬೆರಳೆಣಿಕೆಯಷ್ಟು. ಆದರೆ ಅವರು ಸೇರಿದ್ದು ನ್ಯಾಷನಲ್ ಕಾಲೇಜು. ಅದೇ ಸೊಸೈಟಿಯವರು ಹೈಸ್ಕೂಲಿನ ನಂತರ, ಆಗಷ್ಟೇ ಶುರು ಮಾಡಿದ್ದ ಸಣ್ಣ ಕಾಲೇಜು ಅದು. ದೊಡ್ಡ ಲ್ಯಾಬು, ದೊಡ್ಡ ಹೆಸರು ಯಾವುದೂ ಇಲ್ಲ. ಲೆಕ್ಚರರ್ ಆಗಿ ಸೇರಿದರು, ಹಾಸ್ಟೆಲಿನ ಒಂದು ರೂಮಿನಲ್ಲಿ ಉಳಿದುಕೊಂಡರು. ಮದುವೆ ಮಾಡಿಕೊಳ್ಳಲಿಲ್ಲ.

ಆ ರೂಮಿನ ವಿಷಯ ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತೆ.

ಓಹಿಯೋ

ಹನ್ನೊಂದು ವರ್ಷ ಪಾಠ ಮಾಡಿದ ಮೇಲೆ 1957ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಆಗ ವಯಸ್ಸು 37. ಸೇರಿದ್ದು ಕೊಲಂಬಸ್ ಊರಿನ ಓಹಿಯೋ ಸ್ಟೇಟ್ ಯೂನಿವರ್ಸಿಟಿ, ವಿಷಯ ನ್ಯೂಕ್ಲಿಯರ್ ಫಿಸಿಕ್ಸ್. ಪಾಠ ಹೇಳುತ್ತಿದ್ದವರು ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತರು. ನಾವು ಈಗ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಅಂತೀವಲ್ಲ, ಅದು ಅವರೇ.

ಆ ವರ್ಷ ಯಾವುದು ಅಂತ ಗಮನಿಸಿ. 1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯಾ ಸ್ಪುಟ್ನಿಕ್ ಉಡಾಯಿಸಿತು. ಅಮೆರಿಕಕ್ಕೆ ಗಾಬರಿ ಹತ್ತಿತು. ವಿಜ್ಞಾನದಲ್ಲಿ ಹಿಂದೆ ಬಿದ್ದುಬಿಟ್ಟೆವು ಅಂತ ಮುಂದಿನ ವರ್ಷವೇ ಶಿಕ್ಷಣಕ್ಕಾಗಿ ಹೊಸ ಕಾನೂನು ತಂದು ದುಡ್ಡು ಸುರಿಯೋಕೆ ಶುರು ಮಾಡಿದರು. ಫಿಸಿಕ್ಸ್ ಓದಿದವರಿಗೆ ಇದಕ್ಕಿಂತ ಒಳ್ಳೆ ಕಾಲ ಇರಲಿಲ್ಲ ಅನ್ನಬಹುದು. ಅದರಲ್ಲೂ ನ್ಯೂಕ್ಲಿಯರ್ ಫಿಸಿಕ್ಸ್. ಈಗ ಎಐ ಓದಿದವರಿಗೆ ಇರೋ ಥರ ಅಂದುಕೊಳ್ಳಿ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಆಗ ಅಮೆರಿಕದಲ್ಲಿ ನೆಲೆಸೋಕೆ ಭಾರತೀಯರಿಗೆ ವರ್ಷಕ್ಕೆ ಇದ್ದ ಕೋಟಾ 100 ಜನ ಮಾತ್ರ. 1946ರ ಕಾನೂನು ಅದು, ಬದಲಾಗಿದ್ದು 1965ರಲ್ಲಿ. ಹಾಗಾಗಿ ಅಲ್ಲೇ ಉಳಿಯೋದು ಈಗಿನಷ್ಟೂ ಸುಲಭ ಇರಲಿಲ್ಲ. ಅವರನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು. ಆದರೆ ಭಾರತಕ್ಕೆ ವಾಪಸ್ ಬಂದರೂ ಅವರ ಮುಂದೆ ದಾರಿಗಳು ಬೇಕಾದಷ್ಟಿದ್ದವು. ಟ್ರಾಂಬೆಯಲ್ಲಿ ಹೋಮಿ ಭಾಭಾ ಅವರು ಅಣುಶಕ್ತಿ ಸಂಸ್ಥೆ ಕಟ್ಟುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಇತ್ತು. ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದವರು ಅಂದ್ರೆ ಬಾಗಿಲು ತೆರೆಯುವ ಕಾಲ.

1960ರಲ್ಲಿ ಪಿಎಚ್‌ಡಿ ಸಿಕ್ಕಿತು. ಎಚ್ಚೆನ್ ವಾಪಸ್ ಬಂದದ್ದು ಬಸವನಗುಡಿಗೆ. ಅದೇ ಕಾಲೇಜು.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಯಾಕಂದ್ರೆ ನನಗೆ ಗೊತ್ತಿರುವ ಎಲ್ಲಾ ಕಥೆಗಳೂ ಉಲ್ಟಾ ದಿಕ್ಕಿನಲ್ಲಿ ಹೋಗ್ತವೆ. ಹಳ್ಳಿಯಿಂದ ಶಿವಮೊಗ್ಗ, ಶಿವಮೊಗ್ಗದಿಂದ ಬೆಂಗಳೂರು, ಬೆಂಗಳೂರಿನಿಂದ ಅಮೆರಿಕ. ಬಾಣದ ಗುರುತು ಯಾವಾಗಲೂ ಆ ಕಡೆಗೇ. ಇವರ ಬಾಣ ಅಲ್ಲಿಗೆ ಹೋಗಿ ತಿರುಗಿ ಹೊರಟ ಕಡೆಗೇ ಬಂತು.

ಸಣ್ಣ ಕಾಲೇಜು ಅಂದರೆ ಏನು

ಇಲ್ಲಿ ಸ್ವಲ್ಪ ದಾರಿ ತಪ್ತೀನಿ, ಕ್ಷಮಿಸಿ. ನನ್ನ ತಂಗಿ ಆರಿಸಿದ ಥರದ ಕಾಲೇಜುಗಳು ಅಮೆರಿಕದಲ್ಲಿ ನೂರಾರಿವೆ. ಅಲ್ಲಿ ಹೆಚ್ಚಾಗಿ ಪಿಎಚ್‌ಡಿ ವಿದ್ಯಾರ್ಥಿಗಳು ಇರುವುದಿಲ್ಲ. ಹಾಗಾಗಿ ಪ್ರೊಫೆಸರ್ ಪಾಠವನ್ನು ಅಸಿಸ್ಟೆಂಟ್ ಕೈಗೆ ಕೊಟ್ಟು ಹೋಗುವ ಹಾಗಿಲ್ಲ. ಕ್ಲಾಸಿನಲ್ಲಿ ಹದಿನೈದು ಇಪ್ಪತ್ತು ಜನ. ಡಿಗ್ರಿ ಓದುವ ಹುಡುಗರೇ ಲ್ಯಾಬಿನಲ್ಲಿ ಸಂಶೋಧನೆಗೆ ಕೈ ಹಾಕಬೇಕು, ಯಾಕಂದ್ರೆ ಬೇರೆ ಯಾರೂ ಇರುವುದಿಲ್ಲ.

ಇದರಿಂದ ಏನಾಗುತ್ತೆ ಅನ್ನೋದಕ್ಕೆ ನಮ್ಮ ಬ್ರಾಂಚಿನವರಿಗೇ ಅರ್ಥವಾಗುವ ಎರಡು ಉದಾಹರಣೆ ಇವೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ಅಲ್ಯೂಮಿನಿಯಂ ತೆಗೆಯುವ ಹಾಲ್-ಹೆರೂ ವಿಧಾನ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಆ ಹಾಲ್, ಅಂದರೆ ಚಾರ್ಲ್ಸ್ ಮಾರ್ಟಿನ್ ಹಾಲ್, ಓದಿದ್ದು ಓಬರ್ಲಿನ್ ಅನ್ನುವ ಸಣ್ಣ ಕಾಲೇಜಿನಲ್ಲಿ. ಫ್ರಾಂಕ್ ಜ್ಯೂವೆಟ್ ಅನ್ನುವ ಮೇಷ್ಟ್ರು ತಲೆಗೆ ಹುಳ ಬಿಟ್ಟರು. 1886ರಲ್ಲಿ, 22ನೇ ವಯಸ್ಸಿನಲ್ಲಿ, ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಹಾಲ್ ಆ ವಿಧಾನ ಕಂಡುಹಿಡಿದ. ಓಬರ್ಲಿನ್ ಇರುವುದೂ ಓಹಿಯೋ ರಾಜ್ಯದಲ್ಲೇ, ಎಚ್ಚೆನ್ ಓದಿದ ಅದೇ ರಾಜ್ಯ. ಎರಡನೆಯದು ರಾಬರ್ಟ್ ನಾಯ್ಸ್. ಇಂಟೆಲ್ ಕಟ್ಟಿದವರಲ್ಲಿ ಒಬ್ಬ, ಐಸಿ ಚಿಪ್ಪಿನ ಜನಕರಲ್ಲಿ ಒಬ್ಬ. ಅವನು ಡಿಗ್ರಿ ಓದಿದ್ದು ಅಯೋವಾದ ಜೋಳದ ಹೊಲಗಳ ನಡುವಿನ ಗ್ರಿನೆಲ್ ಕಾಲೇಜಿನಲ್ಲಿ. ಅಲ್ಲಿ ಗ್ರಾಂಟ್ ಗೇಲ್ ಅನ್ನುವ ಫಿಸಿಕ್ಸ್ ಮೇಷ್ಟ್ರು ಟ್ರಾನ್ಸಿಸ್ಟರ್ ಇನ್ನೂ ಹೊಸದಾಗಿದ್ದ ಕಾಲದಲ್ಲೇ ಅದನ್ನು ಹುಡುಗರಿಗೆ ಪರಿಚಯ ಮಾಡಿಸಿದ್ದರು.

ಎರಡೂ ಕಥೆಯಲ್ಲಿ ಸಾಮಾನ್ಯವಾದದ್ದು ಒಂದೇ. ಒಬ್ಬ ಮೇಷ್ಟ್ರು, ಆ ಮೇಷ್ಟ್ರಿಗೆ ಹೆಸರು ಗೊತ್ತಿರುವ ಒಬ್ಬ ವಿದ್ಯಾರ್ಥಿ. ಬಿಲ್ಡಿಂಗ್ ಅಲ್ಲ, ರ‍್ಯಾಂಕಿಂಗ್ ಅಲ್ಲ.

ಎಚ್ಚೆನ್ ಇವರ ಬಗ್ಗೆ ಯೋಚಿಸಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ವಾಪಸ್ ಬಂದು ಅವರು ಬಸವನಗುಡಿಯಲ್ಲಿ ಮಾಡಿದ ಕೆಲಸ ನೋಡಿದರೆ ಅಂಥದ್ದೇ ಒಂದು ಕಾಲೇಜು ಅವರ ಮನಸ್ಸಿನಲ್ಲಿ ಇತ್ತು ಅಂತ ನನಗೆ ಅನ್ನಿಸುತ್ತೆ.

ಬುಧವಾರದ ಸಂಜೆಗಳು

1961ರಲ್ಲಿ ಅವರು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲ್ ಆದರು. 1972ರವರೆಗೆ ಆ ಜಾಗದಲ್ಲಿ ಇದ್ದರು. ಪ್ರಿನ್ಸಿಪಾಲ್ ಆದ ಮರುವರ್ಷ, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಐಡಿಯಾ ತುಂಬಾ ಸರಳ. ವಾರಕ್ಕೊಂದು ದಿನ, ಬುಧವಾರ ಸಂಜೆ, ವಿಜ್ಞಾನದ ಬಗ್ಗೆ ಒಂದು ಉಪನ್ಯಾಸ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಬೆಂಗಳೂರಿನಲ್ಲಿ ವಿಜ್ಞಾನಿಗಳಿಗೆ ಬರ ಇರಲಿಲ್ಲ. ಆದರೆ ಅವರು ಸಂಸ್ಥೆಗಳ ಕಾಂಪೌಂಡಿನ ಒಳಗೆ ಇದ್ದರು. ಅವರನ್ನು ಹೊರಗೆ ಕರೆತಂದು ಸಾಮಾನ್ಯ ಜನರ ಮುಂದೆ ನಿಲ್ಲಿಸಿದ್ದು ಸೈನ್ಸ್ ಫೋರಂ.

ಒಂದು ಕ್ಲಬ್ ಶುರು ಮಾಡೋದು ಎಷ್ಟು ಸುಲಭ, ನಡೆಸಿಕೊಂಡು ಹೋಗೋದು ಎಷ್ಟು ಕಷ್ಟ ಅಂತ ಈ ಪತ್ರಿಕೆ ತರುವ ನಮ್ಮ ಕನ್ನಡ ಸಂಘದವರಿಗೆ ಬೇರೆ ಹೇಳಬೇಕಾಗಿಲ್ಲ. ಮೊದಲ ಮೀಟಿಂಗಿಗೆ ಎಂಬತ್ತು ಜನ, ಮೂರನೆಯದಕ್ಕೆ ಎಂಟು. ಸೈನ್ಸ್ ಫೋರಂ ದಶಕಗಟ್ಟಲೆ ವಾರ ವಾರ ನಡೆದುಕೊಂಡು ಬಂತು. ಉಪನ್ಯಾಸಗಳ ಸಂಖ್ಯೆ ಸಾವಿರ ದಾಟಿ ಎಷ್ಟೋ ಕಾಲವಾಯ್ತು. ನಮ್ಮ ಚಿಕ್ಕಜ್ಜ ಕಾಮರ್ಸ್ ವಿದ್ಯಾರ್ಥಿ. ಆದರೂ ಬುಧವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರಂತೆ. ಅರ್ಧ ಅರ್ಥ ಆಗುತ್ತಿರಲಿಲ್ಲವಂತೆ, ಆದರೂ ಹೋಗುತ್ತಿದ್ದರಂತೆ.

ವಿಜ್ಞಾನ ಒಂದೇ ಅಲ್ಲ. ಬೆಂಗಳೂರು ಲಲಿತಕಲಾ ಪರಿಷತ್ತು ಅಂತ ಇನ್ನೊಂದು ಸಂಸ್ಥೆ ಕಟ್ಟಿದರು. ಅಂದರೆ ಅದೇ ಕಾಲೇಜಿನ ಆವರಣದಲ್ಲಿ ಒಂದು ಸಂಜೆ ಪರಮಾಣುವಿನ ಪಾಠ, ಇನ್ನೊಂದು ಸಂಜೆ ಸಂಗೀತ, ನಾಟಕ. ನನ್ನ ತಂಗಿ ದೊಡ್ಡಪ್ಪನಿಗೆ ಅರ್ಥ ಮಾಡಿಸೋಕೆ ಒದ್ದಾಡಿದ ಸಂಗತಿ ಇದೇ ಅಲ್ವಾ? ಫಿಸಿಕ್ಸ್ ಓದುವವನಿಗೆ ಸಂಗೀತ ಯಾಕೆ ಅನ್ನುವ ಪ್ರಶ್ನೆಗೆ ಎಚ್ಚೆನ್ ಭಾಷಣ ಮಾಡುವ ಬದಲು ಒಂದು ಜಾಗ ಮಾಡಿಕೊಟ್ಟರು.

ಕುಲಪತಿ ಮತ್ತು ಕುಂಬಳಕಾಯಿ

1972ರಲ್ಲಿ ಅವರನ್ನು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಮಾಡಿದರು. 1977ರವರೆಗೆ ಆ ಹುದ್ದೆಯಲ್ಲಿದ್ದರು. ಜ್ಞಾನಭಾರತಿ ಆವರಣ ರೂಪ ಪಡೆದ ಕಾಲ ಅದು. ಸಣ್ಣ ಕಾಲೇಜಿನ ಮೇಷ್ಟ್ರು ಈಗ ದೊಡ್ಡ ವಿಶ್ವವಿದ್ಯಾಲಯದ ಯಜಮಾನ. ಆದರೆ ವಾಸ ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಅದೇ ರೂಮಿನಲ್ಲಿ. ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಅವರ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು 1976ರಲ್ಲಿ. ಪವಾಡಗಳನ್ನು ಮತ್ತು ಪರೀಕ್ಷೆ ಮಾಡಿ ನೋಡಬಹುದಾದ ಮೂಢನಂಬಿಕೆಗಳನ್ನು ತನಿಖೆ ಮಾಡೋಕೆ ವಿಶ್ವವಿದ್ಯಾಲಯದಿಂದ ಒಂದು ಸಮಿತಿ ಮಾಡಿದರು, ತಾವೇ ಅಧ್ಯಕ್ಷರಾದರು. ಒಂದು ವಿಶ್ವವಿದ್ಯಾಲಯ ಹೀಗೆ ಮಾಡಿದ್ದು ಆಗಲೂ ದೊಡ್ಡ ಸುದ್ದಿ, ಈಗಲೂ ಯಾರಾದರೂ ಮಾಡಿದರೆ ದೊಡ್ಡ ಸುದ್ದಿಯೇ. ಅದೂ ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದ ಸಮಯ.

ಸಮಿತಿಯ ಕೆಲಸದ ರೀತಿ ನಮಗೆಲ್ಲ ಗೊತ್ತಿರುವುದೇ. ಯಾವುದನ್ನೂ ಮೊದಲೇ ಸುಳ್ಳು ಅನ್ನುವ ಹಾಗಿಲ್ಲ, ಮೊದಲೇ ನಿಜ ಅನ್ನುವ ಹಾಗೂ ಇಲ್ಲ. ಬೇರೆ ಕಾರಣ ನುಸುಳದ ಹಾಗೆ ವ್ಯವಸ್ಥೆ ಮಾಡಿ, ಎಲ್ಲರೂ ನೋಡುವ ಹಾಗೆ ಪ್ರಯೋಗ ಮಾಡು, ಏನು ಬರುತ್ತೋ ಅದನ್ನು ಬರೆದುಕೋ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ನಾವು ಬರೀತೀವಲ್ಲ, ಅದೇ. (ನಾವು ಬೇರೆಯವರ ರೆಕಾರ್ಡ್ ನೋಡಿ ಬರೀತೀವಿ ಅನ್ನೋದು ಬೇರೆ ವಿಷಯ.) ಪಾಂಡವಪುರದಲ್ಲಿ ಒಬ್ಬ ಹುಡುಗ ಗಾಳಿಯಿಂದ ವಿಭೂತಿ ತರಿಸುತ್ತಾನೆ ಅಂತ ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಅಲ್ಲಿಗೆ ಹೋಗಿ ನೋಡಿದಾಗ ವಿಭೂತಿ ಬಟ್ಟೆಯೊಳಗೆ ಅಡಗಿತ್ತು ಅಂತ ಗೊತ್ತಾಯ್ತು.

ಸತ್ಯ ಸಾಯಿಬಾಬಾ ಅವರಿಗೂ ಎಚ್ಚೆನ್ ಪತ್ರಗಳನ್ನು ಬರೆದರು. ಸಮಿತಿಯ ಎದುರಿಗೆ, ಪರೀಕ್ಷೆಗೆ ಒಳಪಡುವ ರೀತಿಯಲ್ಲಿ ಪವಾಡ ಮಾಡಿ ತೋರಿಸಬೇಕು ಅಂತ ಕೋರಿಕೆ. ಉತ್ತರ ಬರಲಿಲ್ಲ. ಉಂಗುರ, ವಿಭೂತಿಯ ಬದಲು ಒಂದು ಕುಂಬಳಕಾಯಿ ಸೃಷ್ಟಿ ಮಾಡಿ ಅಂತ ಎಚ್ಚೆನ್ ಕೇಳಿದ್ದು ಆಮೇಲೆ ಬಹಳ ಪ್ರಸಿದ್ಧವಾಯ್ತು. ಕೇಳೋಕೆ ತಮಾಷೆ ಅನ್ನಿಸುತ್ತೆ. ಆದರೆ ಒಳ್ಳೆ ಎಂಜಿನಿಯರಿಂಗ್ ಇದೆ ಅದರಲ್ಲಿ. ಉಂಗುರವನ್ನು ಬೆರಳ ಸಂದಿಯಲ್ಲೋ ತೋಳಿನ ಒಳಗೋ ಬಚ್ಚಿಡಬಹುದು, ಕುಂಬಳಕಾಯಿಯನ್ನು ಬಚ್ಚಿಡೋಕೆ ಆಗಲ್ಲ. ಒಂದೇ ಒಂದು ಅಳತೆ ಬದಲಾಯಿಸಿ ಇಡೀ ಪ್ರಯೋಗವನ್ನು ಪ್ರಾಮಾಣಿಕ ಮಾಡಿಬಿಟ್ಟರು. ಪತ್ರಿಕೆಗಳಲ್ಲಿ ವಾದ ವಿವಾದ ಜೋರಾಗಿ ನಡೆಯಿತು. ಭಕ್ತರಿಗೆ ನೋವಾಯಿತು. ನಮ್ಮ ಮನೆಯ ದೇವರ ಗೂಡಿನಲ್ಲೂ ಎಷ್ಟೋ ಫೋಟೋಗಳಿವೆ, ಹಾಗಾಗಿ ಆ ನೋವು ನನಗೆ ಅರ್ಥವಾಗುತ್ತೆ. ಆದರೆ ಪ್ರಶ್ನೆ ಕೇಳೋದು ಅವಮಾನ ಅಲ್ಲ ಅನ್ನೋದನ್ನು ಒಬ್ಬ ಕುಲಪತಿ ತಮ್ಮ ಕುರ್ಚಿಯನ್ನೇ ಪಣಕ್ಕಿಟ್ಟು ತೋರಿಸಿದರು ಅಂತಲೂ ಅರ್ಥವಾಗುತ್ತೆ.

ಇನ್ನೂ ಸಣ್ಣ ಊರುಗಳಿಗೆ

ಕುಲಪತಿ ಹುದ್ದೆ ಮುಗಿದ ಮೇಲೆ ಅವರು ಹೋದದ್ದು ಇನ್ನೂ ದೊಡ್ಡ ಕುರ್ಚಿಗಲ್ಲ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕೆಲಸಕ್ಕೇ ಮರಳಿದರು, ಅದರ ಅಧ್ಯಕ್ಷರಾಗಿ ದುಡಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಹಿಂದುಳಿದ ತಾಲ್ಲೂಕುಗಳಲ್ಲಿ ನ್ಯಾಷನಲ್ ಕಾಲೇಜುಗಳು ಬಂದಿದ್ದು ಅವರಿಂದ. ತಮ್ಮ ಹೊಸೂರಿಗೂ ಹೈಸ್ಕೂಲ್ ತಂದರು.

ಇದನ್ನು ಓದಿದಾಗ ನನಗೆ ಆ ನಡಿಗೆ ಮತ್ತೆ ನೆನಪಾಯ್ತು. 1935ರಲ್ಲಿ ಓದಿಗಾಗಿ ಹುಡುಗನೊಬ್ಬ 80 ಕಿಲೋಮೀಟರ್ ನಡೆಯಬೇಕಾಯ್ತು. ದೊಡ್ಡವನಾದ ಮೇಲೆ ಅವನು ಮಾಡಿದ್ದು, ಆ 80 ಕಿಲೋಮೀಟರನ್ನು ಬೇರೆ ಹುಡುಗರಿಗೆ ಕಮ್ಮಿ ಮಾಡುವ ಕೆಲಸ. ಪೂರ್ತಿ ಬದುಕನ್ನು ಒಂದು ಸಾಲಿನಲ್ಲಿ ಹೇಳು ಅಂದ್ರೆ ನಾನು ಇದನ್ನೇ ಹೇಳ್ತೀನಿ.

1984ರಲ್ಲಿ ಪದ್ಮಭೂಷಣ ಬಂತು. ಹೋರಾಟದ ಹಾದಿ ಅಂತ ಆತ್ಮಕಥೆ ಬರೆದರು. ವಯಸ್ಸಾದರೂ ಹಾಸ್ಟೆಲಿನ ರೂಮ್ ಬಿಡಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಅದೇ ಅವರ ಮನೆ. ನಾವು ಎರಡು ವರ್ಷಕ್ಕೇ ಹಾಸ್ಟೆಲ್ ಬೇಜಾರು ಅಂತ ಪಿಜಿ ಹುಡುಕ್ತೀವಿ. 2005ರಲ್ಲಿ ತೀರಿಕೊಂಡಾಗ ಅವರನ್ನು ಕರೆದುಕೊಂಡು ಹೋಗಿದ್ದು ಹೊಸೂರಿಗೆ. ಸಮಾಧಿ ಅಲ್ಲೇ ಇದೆ.

ನಮ್ಮ ಲೆಕ್ಕ

ಈಗ ನೀವು ಕೇಳಬಹುದು, ಇದನ್ನೆಲ್ಲ ಓದಿ ನಾವೂ ಎಂಎಸ್ ಕನಸು ಬಿಟ್ಟು ಹಾಸ್ಟೆಲ್ ರೂಮಿನಲ್ಲಿ ಕೂರಬೇಕಾ ಅಂತ. ಹಾಗೆ ನಾನು ಹೇಳಿದರೆ ಅದು ಸುಳ್ಳಾಗುತ್ತೆ, ಯಾಕಂದ್ರೆ ನನ್ನ ಟೇಬಲ್ ಮೇಲೂ ಜಿಆರ್‌ಇ ಪುಸ್ತಕ ಇದೆ. ಎಚ್ಚೆನ್ ಅವರಿಗೆ ಹೆಂಡತಿ ಮಕ್ಕಳ ಜವಾಬ್ದಾರಿ ಇರಲಿಲ್ಲ, ಎಜುಕೇಷನ್ ಲೋನ್ ಇಎಂಐ ಇರಲಿಲ್ಲ. ಅವರ ದಾರಿ ಎಲ್ಲರಿಗೂ ಆಗಿಬರಲ್ಲ. ಮತ್ತೆ ಅವರು ಓಹಿಯೋಗೆ ಹೋಗಲೇ ಇಲ್ಲ ಅಂತೇನೂ ಅಲ್ಲ. ಹೋದರು, ಮೂರು ವರ್ಷ ದೊಡ್ಡ ಯೂನಿವರ್ಸಿಟಿಯಲ್ಲಿ ಕಲಿಯೋದನ್ನು ಕಲಿತರು. ಸಣ್ಣ ಕಾಲೇಜನ್ನು ಅವರು ಆರಿಸಿದ್ದು ದೊಡ್ಡದು ಸಿಗದೆ ಅಲ್ಲ, ದೊಡ್ಡದನ್ನು ನೋಡಿದ ಮೇಲೆ.

ನನಗೆ ಚುಚ್ಚಿದ್ದು ಬೇರೆ. ಅವರು ಆರಿಸಿದರು. ನಾನು ಯಾವತ್ತೂ ಏನನ್ನೂ ಆರಿಸಿಲ್ಲ. ಪಿಯುಸಿಯಲ್ಲಿ ಮಾರ್ಕ್ಸ್ ಬಂತು ಅಂತ ಸೈನ್ಸ್, ಸಿಇಟಿ ರ‍್ಯಾಂಕ್ ಇಷ್ಟು ಬಂತು ಅಂತ ಈ ಬ್ರಾಂಚ್, ಆಪ್ಷನ್ ಎಂಟ್ರಿಯಲ್ಲಿ ಕಟ್-ಆಫ್ ನೋಡಿ ಮೇಲಿಂದ ಕೆಳಗೆ ತುಂಬಿದ ಪಟ್ಟಿ. ಕಂಪ್ಯೂಟರ್ ನನಗೆ ಕಾಲೇಜು ಕೊಟ್ಟಿತು, ನಾನು ಬಂದೆ. ಹದಿನೆಂಟು ವರ್ಷದ ನನ್ನ ತಂಗಿ ಮಾತ್ರ ಎರಡೂ ಕಡೆಯ ಕ್ಲಾಸಿನಲ್ಲಿ ಎಷ್ಟು ಜನ, ಯಾರು ಪಾಠ ಮಾಡ್ತಾರೆ, ಲ್ಯಾಬಿಗೆ ಯಾವ ವರ್ಷದಿಂದ ಬಿಡ್ತಾರೆ ಅಂತೆಲ್ಲ ಕೂತು ಬರೆದು ನೋಡಿದ್ದಳು. ಖರ್ಚಿನ ಲೆಕ್ಕವೂ ಅದರಲ್ಲೇ ಇತ್ತು. ಸಣ್ಣ ಕಾಲೇಜು ಸ್ಕಾಲರ್‌ಶಿಪ್ ಕೊಡುತ್ತಿತ್ತು, ದೊಡ್ಡದು ಕೊಡುತ್ತಿರಲಿಲ್ಲ. ಅವಳನ್ನು ನೋಡಿ ನಗುತ್ತಿದ್ದವನು ನಾನು.

ಆಗಸ್ಟ್‌ನಲ್ಲಿ ಅವಳು ಹೊರಟಳು. ಹಿಂದಿನ ದಿನ ಸಂಜೆ ಎಲ್ಲರೂ ಡ್ಯಾಮಿನ ಹತ್ತಿರ ಹೋಗಿದ್ದೆವು. ಮಳೆಗಾಲದ ತುಂಗೆ, ಗೇಟು ತೆಗೆದಿದ್ದರು, ನೀರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ದೊಡ್ಡಪ್ಪ ಅವಳ ಕಿವಿಯ ಹತ್ತಿರ ಬಾಗಿ, ಆ ಕಾಲೇಜಿನ ಹೆಸರು ಇನ್ನೊಂದು ಸಲ ಹೇಳು, ಯಾರಾದರೂ ಕೇಳಿದರೆ ಹೇಳಬೇಕಲ್ಲ ಅಂದರು. ಅವಳು ಜೋರಾಗಿ ಕೂಗಿ ಹೇಳಿದಳು. ಅವರಿಗೆ ಕೇಳಿಸಿತೋ ಇಲ್ಲವೋ, ತಲೆಯಾಡಿಸಿದರು.

ಚಿಕ್ಕಜ್ಜ ಅವಳಿಗೆ ಎಚ್ಚೆನ್ ಅವರ ಆತ್ಮಕಥೆ ಕೊಟ್ಟು ಕಳಿಸಿದ್ದಾರೆ. ಅವಳ ಕನ್ನಡ ನನ್ನದಕ್ಕಿಂತ ನಿಧಾನ. ವಾರಕ್ಕೆ ಎರಡು ಪುಟ ಓದಿ, ಅರ್ಥವಾಗದ ಪದಗಳನ್ನು ನನಗೆ ಮೆಸೇಜ್ ಮಾಡ್ತಾಳೆ. ನನಗೂ ಗೊತ್ತಿಲ್ಲದಿದ್ದರೆ ನಾನು ಚಿಕ್ಕಜ್ಜನಿಗೆ ಫೋನ್ ಮಾಡ್ತೀನಿ. ಇಲ್ಲಿಯ ತನಕ ಹದಿನಾರನೇ ಪುಟಕ್ಕೆ ಬಂದಿದ್ದೀವಿ.